ನನ್ನ ಹೆಸರು ಅಂಟಿದ್ದ ಸಿಲಿಂಡರುಗಳು

ಪ್ರೊಪೇನ್ ತುಂಬುವ ಮುಂಚೆ ಸಿಲಿಂಡರನ್ನು ಓದಬೇಕು. ಹಿಡಿಕೆಯ ಪಟ್ಟಿಯ ಮೇಲೆ ಎಲ್ಲವನ್ನೂ ಅಚ್ಚೊತ್ತಿರುತ್ತಾರೆ: ಖಾಲಿ ಇದ್ದಾಗಿನ ತೂಕ, ಎಷ್ಟು ಹಿಡಿಯುತ್ತದೆ, ತಯಾರಾದ ತಿಂಗಳು, ವರ್ಷ. ಕೆನಡಾದಲ್ಲಿ ಆ ವರ್ಷಕ್ಕೆ ಹತ್ತು ಕೂಡಿಸಿ ನೋಡಬೇಕು. ಹತ್ತು ದಾಟಿದ್ದರೆ, ಮೈ ಎಷ್ಟೇ ಹೊಳೆಯುತ್ತಿರಲಿ, ಮರುಪರೀಕ್ಷೆಯಾಗಿ ಹೊಸ ತಾರೀಖು ಬೀಳುವತನಕ ಅದನ್ನು ತುಂಬುವಂತಿಲ್ಲ. ಆಮೇಲೆ ಬುಡದ ಬಳೆ ಬಾಗಿದೆಯೇ, ತುಕ್ಕು ಚಕ್ಕೆಯೇಳುತ್ತಿದೆಯೇ, ಮೈಯಲ್ಲಿ ತಗ್ಗಿದೆಯೇ ಎಂದು ಕೈಯಾಡಿಸಿ ನೋಡಬೇಕು. ಇಷ್ಟಾದ ಮೇಲೆ ಪೈಪು ಜೋಡಿಸುವುದು. ವಾಲ್ವಿನ ಪಕ್ಕದ ಸಣ್ಣ ತಿರುಪನ್ನು ಸ್ಕ್ರೂಡ್ರೈವರಿನಿಂದ ಸಡಿಲಿಸಿ ಪಂಪು ಹಾಕಿದರೆ ಮೊದಲು ಬರೀ ಸುಯ್ಯೆನ್ನುವ ಸದ್ದು. ಒಳಗಿನ ದ್ರವ ನೂರಕ್ಕೆ ಎಂಬತ್ತು ಪಾಲು ಮುಟ್ಟಿದ ಕ್ಷಣ ಅಲ್ಲಿಂದ ಬಿಳಿ ಹಬೆ ಚಿಮ್ಮುತ್ತದೆ. ಆಗ ನಿಲ್ಲಿಸಬೇಕು. ಉಳಿದದ್ದು ಬಿಸಿಲಿಗೆ ಹಿಗ್ಗಲು ಬಿಟ್ಟ ಜಾಗ. ಕೊನೆಗೆ ಸೋಪಿನ ನೀರು ಚಿಮುಕಿಸಿ, ಗುಳ್ಳೆ ಏಳದಿದ್ದರೆ ಮುಚ್ಚಳ ಹಾಕಿ ಕೊಡಬೇಕು.

ಮಿಲ್ಟನ್ ಎಂಬ ಊರಿನಲ್ಲಿ ಗೋದಾಮುಗಳ ಸಾಲು ಮುಗಿಯುವ ಕಡೆ, ಒಂದು ಹಾರ್ಡ್‌ವೇರ್ ಅಂಗಡಿಯ ಹಿಂದಿನ ಅಂಗಳದಲ್ಲಿ ನಾನು ಈ ಕೆಲಸ ಮಾಡುತ್ತಿದ್ದೆ. ತರಬೇತಿ ಪಡೆದು, ಪರೀಕ್ಷೆ ಪಾಸಾಗಿ, ಸರ್ಟಿಫಿಕೇಟು ಇದ್ದವರು ಮಾತ್ರ ಇಲ್ಲಿ ಸಿಲಿಂಡರು ತುಂಬಬಹುದು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಗದಗಿನಲ್ಲಿ ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಬಟ್ಟೆ ಅಂಗಡಿಯಲ್ಲಿ ಗಿರಾಕಿ ಬಿಚ್ಚಿಸಿಟ್ಟುಹೋದ ಸೀರೆ ಮಡಚುವುದು, ಹೀಗೆ ಬಿ.ಎಸ್ಸಿ. ಕೆಮಿಸ್ಟ್ರಿ ಮುಗಿಸಿದವಳು. ಈ ಮಾತನ್ನು ಯಾರು ಕೇಳಲಿ ಬಿಡಲಿ ಹೇಳುತ್ತೇನೆ. ಪುಕ್ಕಟೆ ಬಂದದ್ದಲ್ಲ ಅದು.

ಅಂಗಡಿಯ ಯಜಮಾನರು ಮೈಸೂರಿನವರು. ಬಂದು ಬಹಳ ವರ್ಷವಾಗಿದೆ, ಸುತ್ತಲಿನ ಕನ್ನಡ ಸಂಘಕ್ಕೆ ಅವರೇ ಆಧಾರ. ನಾನು ಇಳಿದುಕೊಂಡಿದ್ದ ಬೇಸ್‌ಮೆಂಟು ಆ ಸಂಘದ ಕಾರ್ಯದರ್ಶಿಯ ಮನೆಯದು. ಆಕೆ ಬೆಂಗಳೂರಿನವರು, ನಾನು ಅಕ್ಕ ಎನ್ನುತ್ತಿದ್ದೆ. ಕೆಲಸ ಕೊಡಿಸಿದ್ದೂ ಅಕ್ಕನೇ. ಹೊಸದಾಗಿ ಬಂದಾಗ ನನಗೆ ಜ್ವರ ಹಿಡಿದಿತ್ತು. ಮೇಲಿನಿಂದ ದಿನಾ ಗಂಜಿ, ತಿಳಿಸಾರು ಇಳಿಸುತ್ತಿದ್ದರು. ಇದನ್ನು ಮರೆತು ನಾನು ಮುಂದಿನದನ್ನು ಬರೆಯುತ್ತಿಲ್ಲ.

ಮೊದಮೊದಲು ನಮ್ಮ ಜನ ಒಬ್ಬರೂ ತುಂಬಿಸಿಕೊಳ್ಳಲು ಬರಲಿಲ್ಲ. ಎಲ್ಲರಿಗೂ ಪೆಟ್ರೋಲ್ ಬಂಕಿನ ಮುಂದೆ ಸಿಲಿಂಡರು ಜೋಡಿಸಿಟ್ಟಿರುವ ಕಬ್ಬಿಣದ ಪಂಜರವೇ ಬೇಕು: ಖಾಲಿ ಕೊಟ್ಟು, ತುಂಬಿದ್ದು ತರುವುದು. ಊರಲ್ಲಿ ಸಿಲಿಂಡರು ಕಂಪನಿಯದು. ಖಾಲಿ ಹೋಗುತ್ತದೆ, ಸೀಲು ಇದ್ದದ್ದು ಬರುತ್ತದೆ. ‘ರೀಫಿಲ್’ ಎಂದರೆ ಅಲ್ಲಿ ಗಲ್ಲಿಯೊಳಗೆ ಕದ್ದು ಮಾಡುವ ದಂಧೆ. ಒಬ್ಬ ಅಂಕಲ್, ಹಾಸನದ ಕಡೆಯವರು, ಅಂಗಳಕ್ಕೆ ಬಂದು ನನ್ನ ಪಂಪನ್ನೂ ನನ್ನನ್ನೂ ನೋಡಿ ನಕ್ಕಿದ್ದರು.

“ನಮ್ಮೂರಲ್ಲಿ ಹಿಂಗೆ ತುಂಬೋರನ್ನ ಪೊಲೀಸ್ರು ಜೀಪಲ್ಲಿ ಕರ್ಕೊಂಡ್ ಹೋಗ್ತಾರೆ. ನೀನು ಬೋರ್ಡ್ ಬೇರೆ ಹಾಕ್ಕೊಂಡಿದೀಯಲ್ಲಮ್ಮ!”

“ಅಂಕಲ್, ನಿಮ್ಮ ಸಿಲಿಂಡರ್ ಹೊಸದೈತಿ. ಅದನ್ನ ಪಂಜರಕ್ಕ ಹಾಕಿ ಯಾರದೋ ಹಳೇದು ತರ್ತೀರಿ. ಅದೂ ಪೂರ್ತಿ ತುಂಬಿರಂಗಿಲ್ಲ. ಬರ್ರಿ, ತಕ್ಕಡಿ ಮ್ಯಾಲ ಇಟ್ಟು ತೋರಸ್ತೀನಿ.”

ತೋರಿಸಿದೆ. ಪಂಜರದಿಂದ ತಂದದ್ದನ್ನೂ ನಾನು ತುಂಬಿದ್ದನ್ನೂ ಒಂದಾದಮೇಲೊಂದು ತೂಗಿದೆ. ಅಂಕಲ್ ತಲೆ ಕೆರೆದುಕೊಂಡರು. ಆಮೇಲೆ ಅವರೇ ಹತ್ತು ಜನಕ್ಕೆ ಹೇಳಿದರು. ಗ್ಯಾರೇಜಿನಲ್ಲಿ ಒಲೆ ಇಟ್ಟು ಕರಿಯುವವರು, ಹಿತ್ತಲಲ್ಲಿ ದೊಡ್ಡ ಪಾತ್ರೆ ಏರಿಸುವವರು, ಎಲ್ಲ ತಮ್ಮ ತಮ್ಮ ಸಿಲಿಂಡರು ಹೊತ್ತುಕೊಂಡು ಬರತೊಡಗಿದರು. ಗ್ಯಾರೇಜಿನ ವಿಷಯಕ್ಕೆ ನಾನು ಅಕ್ಕನ ಸಮೇತ ಎಲ್ಲರಿಗೂ ಬೈಯುತ್ತಿದ್ದೆ. ಈ ಅನಿಲ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ, ಬಾಗಿಲು ತೆರೆದಿದ್ದರೂ ಮೂಲೆಯಲ್ಲಿ ಕೂತಿರುತ್ತದೆ ಎಂದು. “ಆಯ್ತು ಮೇಡಂ” ಎಂದು ಕೈಮುಗಿದು ಅಲ್ಲೇ ಕರಿಯುತ್ತಿದ್ದರು.

ಯಜಮಾನರಿಗೆ ಖುಷಿಯೋ ಖುಷಿ. ಸಂಘದ ಸಭೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, “ನಮ್ಮ ಹುಡುಗಿ, ಕೆಮಿಸ್ಟ್ರಿ ಗ್ರಾಜುಯೇಟು. ಒಂದೊಂದು ಟ್ಯಾಂಕೂ ಇವಳ ಕೈ ದಾಟಿಯೇ ಹೋಗೋದು” ಎಂದರು. ಮರುವಾರ, ನಾನು ನೋಡಿ ತುಂಬಿದವಕ್ಕೆ ಅಂಟಿಸಲೆಂದು, ಒಂದು ಸುರುಳಿ ಸ್ಟಿಕ್ಕರು ಅಚ್ಚು ಹಾಕಿಸಿ ತಂದರು. ‘ಪರೀಕ್ಷಿಸಿದವರು’, ಕೆಳಗೆ ನನ್ನ ಪೂರ್ತಿ ಹೆಸರು, ಪಕ್ಕದಲ್ಲಿ ಬಿ.ಎಸ್ಸಿ. ಅದರಲ್ಲೊಂದನ್ನು ಫೋಟೋ ತೆಗೆದು ಗದಗಿಗೆ ಕಳಿಸಿದೆ. ಅವ್ವನಿಗೆ ಓದಲು ಬರುವುದಿಲ್ಲ, ತಮ್ಮ ಓದಿ ಹೇಳಿದನಂತೆ.

ಆ ಬೇಸಿಗೆಯಲ್ಲಿ ಯಜಮಾನರು ತಮ್ಮದೇ ಒಂದು ಪಂಜರ ಮಾಡಿಸಿ ಅಂಗಡಿಯ ಮುಂದಿಟ್ಟರು. ಕಾಯಲು ಪುರುಸೊತ್ತಿಲ್ಲದವರಿಗೆ ಅದಲುಬದಲು, ಇದ್ದವರಿಗೆ ನನ್ನ ಪಂಪು. “ಪಂಜರದ ತಲೆನೋವು ನಿನಗೆ ಬೇಡ ಮಗಳೇ, ಅದನ್ನ ನಾನು ನೋಡ್ಕೋತೀನಿ” ಎಂದರು. ಅವರಿಗೂ ತುಂಬುವ ಸರ್ಟಿಫಿಕೇಟು ಇತ್ತು, ನಾನು ಸಂಶಯಪಡಲು ಕಾರಣವಿರಲಿಲ್ಲ. ಅವಧಿ ಮೀರಿದ, ತುಕ್ಕು ಹಿಡಿದ ಸಿಲಿಂಡರು ಬಂದರೆ ನಾನು ಅದರ ಮೈಮೇಲೆ ಹಳದಿ ಬಣ್ಣದಲ್ಲಿ ದೊಡ್ಡ ಕತ್ತರಿ ಗುರುತು ಎಳೆದು ಹಿಂದಿನ ಬೇಲಿಗೆ ಒರಗಿಸುತ್ತಿದ್ದೆ. ಭಾನುವಾರ ನನಗೆ ರಜೆ. ಸೋಮವಾರ ಬರುವಷ್ಟರಲ್ಲಿ ಬೇಲಿ ಖಾಲಿ. ಮರುಪರೀಕ್ಷೆಯ ಕಾರ್ಖಾನೆಯ ವ್ಯಾನು ಬಂದು ಒಯ್ದಿತು ಎನ್ನುತ್ತಿದ್ದರು.

ಸಂಘದ ಪಿಕ್ನಿಕ್ಕು ಪೋರ್ಟ್ ಕ್ರೆಡಿಟ್ಟಿನಲ್ಲಿ, ಸರೋವರದ ದಂಡೆಯ ಒಂದು ಪಾರ್ಕಿನಲ್ಲಿ ನಡೆಯಿತು. ಅಡುಗೆಯ ಸಿಲಿಂಡರುಗಳು ಯಜಮಾನರ ಕೊಡುಗೆ, ಎಲ್ಲ ಪಂಜರದಿಂದ ಬಂದವು. ನಾನು ಅಕ್ಕನ ಕಾರಿನಲ್ಲಿ ಹೋಗಿದ್ದೆ. ಮಕ್ಕಳ ಓಟ, ಮೈಕಿನಲ್ಲಿ ಹೌಸಿ ಆಟದ ಅಂಕಿಗಳು. ಹಾಸನದ ಅಂಕಲ್ ಅಡುಗೆಯ ಉಸ್ತುವಾರಿ. ದೊಡ್ಡ ಬರ್ನರಿನ ಮೇಲೆ ಬಿಸಿಬೇಳೆಬಾತು ಕುದಿಯುತ್ತಿತ್ತು. ಅರ್ಧಕ್ಕೆ ಉರಿ ಸಣ್ಣಗಾಯಿತು.

“ಖಾಲಿ ಆಗ್ತಿದೆ, ಮಲಗ್ಸಿ ಅದನ್ನ! ತಳದಲ್ಲಿ ಇನ್ನೂ ಇರತ್ತೆ” ಎಂದು ಅಂಕಲ್ ತಾವೇ ಸಿಲಿಂಡರನ್ನು ಅಡ್ಡ ಮಲಗಿಸಿದರು.

ಊರಲ್ಲಿ ಇದನ್ನು ಮಾಡದ ಮನೆಯಿಲ್ಲ. ಹೊಸ ಸಿಲಿಂಡರು ಬರುವತನಕ ಹಳೆಯದನ್ನು ಮಲಗಿಸಿ ಇನ್ನೊಂದು ಹೊತ್ತಿನ ಅನ್ನ ಮಾಡಿಕೊಳ್ಳುವುದನ್ನು ನಾನೂ ನೋಡಿ ಬೆಳೆದವಳು. ಆದರೆ ಮಲಗಿಸಿದಾಗ ವಾಲ್ವಿಗೆ ಬರುವುದು ಆವಿಯಲ್ಲ, ದ್ರವ. ಅದು ಬರ್ನರಿನಲ್ಲಿ ಒಮ್ಮೆಲೇ ಹಿಗ್ಗುತ್ತದೆ. ನಾನು ತಟ್ಟೆ ಬಿಟ್ಟು ಓಡುವಷ್ಟರಲ್ಲಿ ಹಳದಿ ಜ್ವಾಲೆ ಪಾತ್ರೆಯ ಕಂಠದ ಮೇಲಕ್ಕೆ ಎದ್ದಿತ್ತು. ಸುತ್ತಲಿದ್ದವರು ಹೋ ಎಂದು ಹಿಂದೆ ಸರಿದರು.

“ಎತ್ರೀ ಅದನ್ನ! ನೆಟ್ಟಗ ನಿಲ್ಲಸ್ರಿ!”

ನಾನೇ ಎತ್ತಿ ನಿಲ್ಲಿಸಿ ವಾಲ್ವು ತಿರುಗಿಸಿ ಮುಚ್ಚಿದೆ. ಉರಿ ಆರಿತು. ಅಂಕಲ್ ಸೀದುಹೋದ ಹುಬ್ಬು ಒರೆಸಿಕೊಂಡು, “ಏನಮ್ಮಾ, ನಮ್ಮೂರಲ್ಲಿ ತಿಂಗಳ ಕೊನೇಲಿ ಸಿಲಿಂಡರೇ ಮೊದಲು ಮಲಗ್ತಿತ್ತು, ಆಮೇಲೆ ನಾವು” ಎಂದರು. ಎಲ್ಲರೂ ನಕ್ಕರು. ನನಗೂ ನಗು ಬಂತು.

ಅಂಕಲ್ ಅವರ ಮೊಮ್ಮಗಳು ಮೂಗು ಮುಚ್ಚಿಕೊಂಡು ನಿಂತಿದ್ದಳು. “ಅಜ್ಜ, ಇಟ್ ಸ್ಟಿಲ್ ಸ್ಮೆಲ್ಸ್.”

“ಅದು ಇಂಗು ಪುಟ್ಟಾ, ಒಗ್ಗರಣೆದು.”

ಇಂಗಲ್ಲ. ಪ್ರೊಪೇನಿಗೆ ವಾಸನೆಯಿಲ್ಲ, ಸೋರಿದರೆ ಗೊತ್ತಾಗಲೆಂದು ಕೊಳೆತಂಥ ವಾಸನೆ ಬೆರೆಸಿರುತ್ತಾರೆ. ವಾಲ್ವು ಮುಚ್ಚಿದ ಮೇಲೂ ಅದು ಬರುತ್ತಿತ್ತು. ಪಾತ್ರೆ ತೊಳೆಯುವ ಸೋಪನ್ನು ಲೋಟದ ನೀರಿನಲ್ಲಿ ಕದಡಿ ವಾಲ್ವಿನ ಸುತ್ತ ಸುರಿದೆ. ಪೈಪಿನ ಕಡೆ ಏನಿಲ್ಲ. ವಾಲ್ವು ಸಿಲಿಂಡರಿನ ಮೈಗೆ ಸೇರುವ ಬುಡದಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಪೈಪಿನಲ್ಲಿ ಸೋರಿದರೆ ವಾಲ್ವು ಮುಚ್ಚಿದರೆ ಸಾಕು. ವಾಲ್ವಿನ ಕೆಳಗೇ ಸೋರಿದರೆ ಮುಚ್ಚಲು ಏನೂ ಉಳಿದಿರುವುದಿಲ್ಲ.

ಉಳಿದ ಒಲೆಗಳನ್ನೆಲ್ಲ ಆರಿಸಲು ಹೇಳಿ, ಸಿಲಿಂಡರನ್ನು ಎತ್ತಿಕೊಂಡು ಜನರಿಂದ ದೂರ, ಗಾಳಿ ಸರೋವರದ ಕಡೆ ಬೀಸುತ್ತಿದ್ದ ಬಯಲಿಗೆ ಒಯ್ದು ನೆಟ್ಟಗೆ ಇಟ್ಟೆ. ಆಗ ಕಂಡಿತು. ಪಂಜರದ ಸಿಲಿಂಡರುಗಳಿಗೆಲ್ಲ ತೊಡಿಸುವ ಪ್ಲಾಸ್ಟಿಕ್ ಕವರು ನೆಲಕ್ಕೆ ಉಜ್ಜಿ ಹರಿದಿತ್ತು. ಕವರಿನ ಮೇಲೆ ನನ್ನ ಹೆಸರಿನ ಸ್ಟಿಕ್ಕರು. ಹರಿದ ಕಡೆ, ಒಳಗೆ, ಹಳದಿ ಗೆರೆ. ಕವರನ್ನು ಪೂರ್ತಿ ಸೀಳಿದೆ. ನಾನೇ ಎಳೆದ ಕತ್ತರಿ ಗುರುತು. ಹಿಡಿಕೆಯ ಪಟ್ಟಿಗೆ ದಪ್ಪಗೆ ಬಿಳಿ ಬಣ್ಣ ಬಳಿದಿದ್ದರು. ನಾಣ್ಯದಿಂದ ಕೆರೆದು ವರ್ಷ ನೋಡಿದೆ. ಅವಧಿ ಯಾವತ್ತೋ ಮುಗಿದಿತ್ತು.

ಯಜಮಾನರು ಓಟದಲ್ಲಿ ಗೆದ್ದ ಮಕ್ಕಳಿಗೆ ಬಹುಮಾನ ಕೊಡುತ್ತಿದ್ದರು. ಪಕ್ಕಕ್ಕೆ ಕರೆದೆ.

“ಸರ್, ಆ ಸಿಲಿಂಡರ್ ನಾ ಒಲ್ಲೆ ಅಂತ ತಗದಿಟ್ಟಿದ್ದು. ಅದರ ಮ್ಯಾಲ ನನ್ನ ಸ್ಟಿಕ್ಕರ್ ಹ್ಯಾಂಗ ಬಂತ್ರೀ?”

ಅವರು ಗಾಬರಿಯಾಗಲಿಲ್ಲ. ನನ್ನ ಭುಜ ತಟ್ಟಿದರು. “ನೋಡು ಮಗಳೇ, ಹತ್ತು ವರ್ಷ ಅನ್ನೋದು ಪೇಪರ್ ರೂಲು. ಊರಲ್ಲಿ ನಮ್ಮಪ್ಪನ ಕಾಲದ ಸಿಲಿಂಡರು ಇನ್ನೂ ಓಡ್ತಿಲ್ವಾ? ಒಂದು ಸೋರಿದೆ, ಬದಲಾಯ್ಸೋಣ. ಇವತ್ತು ಹಬ್ಬದ ದಿನ, ಮುಖ ಸರಿ ಮಾಡ್ಕೋ.”

“ಇಂಥಾವು ಎಷ್ಟು ಮನಿಗೆ ಹೋಗ್ಯಾವ್ರೀ?”

“ಹೋಗಿವೆ. ಎಲ್ಲರೂ ಚೆನ್ನಾಗೇ ಇದಾರಲ್ಲ.”

“ನನ್ನ ಹೆಸರೈತ್ರೀ ಅದರ ಮ್ಯಾಲ.”

“ಆ ಹೆಸರು ಮಾಡಿದ್ಯಾರು? ನೀನು ಬಂದಾಗ ನಿನ್ನ ಡಿಗ್ರೀನ ಇಲ್ಲಿ ಯಾರು ಕೇಳಿದ್ರು? ನಾನು ತಾನೇ ಎಬ್ಬಿಸಿ ನಿಲ್ಲಿಸಿ ಹೇಳಿದ್ದು?”

ನಿಜವೇ. ಸಿಲಿಂಡರುಗಳಿಗೆ ಕವರು ಹಾಕಿದವರು ಹೇಳಿದರೂ ಅದು ನಿಜವೇ ಆಗಿತ್ತು. ಅವರು ಮತ್ತೆ ಮಕ್ಕಳ ಕಡೆ ತಿರುಗಿದರು.

ನಾನು ಹೌಸಿ ಆಡಿಸುತ್ತಿದ್ದವರ ಕೈಯಿಂದ ಮೈಕು ಇಸಿದುಕೊಂಡೆ. “ಅಂಗಡಿ ಪಂಜರದಿಂದ ಯಾರ್ಯಾರು ಸಿಲಿಂಡರ್ ಒಯ್ದೀರಿ, ದಯಮಾಡಿ ಕೇಳ್ರಿ. ನನ್ನ ಹೆಸರಿದ್ದರೂ ನಂಬಬ್ಯಾಡ್ರಿ. ಮನಿಗೆ ಫೋನ್ ಮಾಡಿ, ಗ್ಯಾರೇಜಿನಿಂದ ಹೊರಗ” ಎನ್ನುವಷ್ಟರಲ್ಲಿ ಸದ್ದು ನಿಂತಿತು. ಹಿಂದೆ ನೋಡಿದರೆ ಅಕ್ಕ. ಸ್ಪೀಕರಿನ ವೈರು ಅವರ ಕೈಯಲ್ಲಿತ್ತು.

“ಏನೇ ಇದು? ಹೊರಗಿನವರೆಲ್ಲ ಬಂದಿದಾರೆ. ಏನಿದ್ರೂ ಮನೇಲಿ ಮಾತಾಡಣ ಬಾ.”

“ಅಕ್ಕಾ, ಸೋರಾಕತ್ತೈತ್ರೀ. ಅವಧಿ ಮುಗಿದಾವನ್ನ ಕವರ್ ಹಾಕಿ ಮಾರ್ಯಾರ.”

ಅಕ್ಕ ಆಶ್ಚರ್ಯಪಡಲಿಲ್ಲ. ಅದೇ ನನಗೆ ಮೊದಲು ತಟ್ಟಿದ್ದು. ಅವರು ಸುತ್ತ ನೋಡಿ ದನಿ ಇಳಿಸಿದರು. “ಅವರು ನನಗೆ ಹೇಳಿದ್ರು. ನಿನಗೆ ಹೇಳಿದ್ರೆ ನೀನು ಒಪ್ಪಲ್ಲ, ಪುಸ್ತಕ ಹಿಡ್ಕೊಂಡು ಕೂತ್ಕೋತೀಯ ಅಂತ. ಸಂಘದ ಹಾಲ್ ಬಾಡಿಗೆ ಯಾರು ಕಟ್ತಾರೆ ಅನ್ಕೊಂಡೆ? ಎಲ್ಲ ಪಂಜರದ್ದೇ ಕಣೇ. ನನ್ನ ಗ್ಯಾರೇಜಲ್ಲೂ ಅದೇ ಟ್ಯಾಂಕಿದೆ. ನಾನೇ ಹೆದರ್ಲಿಲ್ಲ, ನಿನಗೇನು?”

“ನಿಮಗ ಗೊತ್ತಿತ್ತೇನ್ರೀ ಅಕ್ಕಾ?”

“ಗೊತ್ತಿದ್ರೆ ಏನೀಗ? ನಡಿ, ಊಟ ಮಾಡು.”

ನಾನು ದಿನಾ ಅದೇ ಮನೆಯಿಂದ ಹೊರಟು, ಅಂಗಳದಲ್ಲಿ ಹಳದಿ ಗುರುತು ಎಳೆದು, ಅದೇ ಮನೆಗೆ ವಾಪಸು ಬರುತ್ತಿದ್ದೆ. ಸಂಜೆ ಅಕ್ಕ “ಇವತ್ತು ಎಷ್ಟು ರಿಜೆಕ್ಟ್ ಮಾಡಿದೆ?” ಎಂದು ಕೇಳುತ್ತಿದ್ದರು. ನನ್ನ ಕೆಲಸದಲ್ಲಿ ಆಸಕ್ತಿ ಎಂದುಕೊಂಡು ನಾನು ಒಂದೊಂದರ ತುಕ್ಕು, ತಗ್ಗು ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದೆ.

ಮಾಡಬೇಕಾದದ್ದು ನನಗೆ ತರಬೇತಿಯಲ್ಲೇ ಹೇಳಿಕೊಟ್ಟಿದ್ದರು. ವಾಲ್ವಿನ ಕೆಳಗೆ ಸೋರುವ ಸಿಲಿಂಡರನ್ನು ಕಾರಿನಲ್ಲಿ ಹಾಕಬಾರದು, ಅಲ್ಲಾಡಿಸಬಾರದು. ಬಯಲಲ್ಲಿ ನಿಲ್ಲಿಸಿ ಅಗ್ನಿಶಾಮಕದವರನ್ನು ಕರೆಯಬೇಕು. ಅಷ್ಟರಲ್ಲಿ ಇಬ್ಬರು ಗಂಡಸರು ಅದನ್ನು ಯಜಮಾನರ ವ್ಯಾನಿಗೆ ಹಾಕಲು ಬಂದಿದ್ದರು. ವ್ಯಾನಿಗೆ ಹೋದರೆ ಸೋರಿಕೆಯೂ ಹೋಗುತ್ತದೆ, ಹಳದಿ ಗುರುತೂ ಹೋಗುತ್ತದೆ. ಉಳಿದವು ಮನೆಮನೆಗಳ ಗ್ಯಾರೇಜಿನಲ್ಲಿ ಹಾಗೇ ಕೂತಿರುತ್ತವೆ. ಕರೆದರೆ ನಾಳೆಯಿಂದ ನನಗೆ ಈ ಜನರಲ್ಲಿ ಯಾರೂ ಇರುವುದಿಲ್ಲ. ಇದು ನನಗೆ ಪೂರ್ತಿ ಅರ್ಥವಾಗಿತ್ತು. ನಾನು ಸಿಲಿಂಡರಿಗೂ ಆ ಇಬ್ಬರಿಗೂ ನಡುವೆ ನಿಂತು ಫೋನ್ ಮಾಡಿದೆ.

ಕೆಂಪು ಲಾರಿ ಸದ್ದು ಮಾಡುತ್ತ ಪಾರ್ಕಿನ ಒಳಗೆ ಬಂತು. ದಂಡೆಯ ಹಾದಿಯಲ್ಲಿ ನಡೆಯುತ್ತಿದ್ದವರೆಲ್ಲ ನಿಂತು ನೋಡಿದರು. ನಮ್ಮವರು ಮಕ್ಕಳನ್ನು ಎಳೆದುಕೊಂಡು, ರೇಷ್ಮೆ ಸೆರಗು ಸರಿಮಾಡಿಕೊಳ್ಳುತ್ತ, ತಮಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಚದುರಿದರು. ಅಧಿಕಾರಿ ಮೀಟರು ಹಿಡಿದು ನೋಡಿ ಯಾರೂ ಹತ್ತಿರ ಬರದಂತೆ ಜಾಗದ ಸುತ್ತ ಪಟ್ಟಿ ಕಟ್ಟಿಸಿದರು. ಆಮೇಲೆ ಸ್ಟಿಕ್ಕರನ್ನು ಬಗ್ಗಿ ಓದಿ, ಈ ಹೆಸರಿನವರು ಯಾರು ಎಂದು ಕೇಳಿದರು.

ನಾನು ಕೈ ಎತ್ತುವ ಮುಂಚೆಯೇ ಯಜಮಾನರು ಮುಂದೆ ಬಂದರು. ನನ್ನ ಬೆನ್ನ ಮೇಲೆ ಕೈಯಿಟ್ಟು, ಒಳ್ಳೆಯ ಇಂಗ್ಲಿಷಿನಲ್ಲಿ, ಮೃದುವಾಗಿ ಹೇಳಿದರು: ಇವಳೇ. ನಮ್ಮಲ್ಲಿ ಎಲ್ಲ ಸಿಲಿಂಡರನ್ನು ಪರೀಕ್ಷಿಸುವವಳು ಇವಳು, ಕೆಮಿಸ್ಟ್ರಿ ಪದವೀಧರೆ, ಇವಳ ಮೇಲೆ ನಾವು ಪೂರ್ತಿ ನಂಬಿಕೆ ಇಟ್ಟಿದ್ದೆವು.

ಸಭೆಯಲ್ಲಿ ಹೇಳಿದ ಮಾತುಗಳೇ. ಒಂದನ್ನೂ ಬದಲಾಯಿಸಿರಲಿಲ್ಲ. ಅಕ್ಕ ಅಲ್ಲೇ ನಿಂತಿದ್ದರು, ಹಾಸನದ ಅಂಕಲ್ಲೂ ನಿಂತಿದ್ದರು. ಯಾರೂ ಬಾಯಿ ಬಿಡಲಿಲ್ಲ.

“ಹೌದು, ಹೆಸರು ನನ್ನದು” ಎಂದೆ. “ಇದನ್ನು ತುಂಬಬಾರದೆಂದು ಈ ಗುರುತು ಹಾಕಿದವಳೂ ನಾನೇ. ಇದರ ಮೇಲೆ ಕವರು ಹಾಕಿದ್ದು ನಾನಲ್ಲ.” ಅಧಿಕಾರಿ ಗುರುತನ್ನು ನೋಡಿದರು, ಕೆರೆದ ಪಟ್ಟಿಯನ್ನು ನೋಡಿದರು, ಫೋಟೋ ತೆಗೆದುಕೊಂಡು ಸುರಕ್ಷತಾ ಇಲಾಖೆಗೆ ತಿಳಿಸುವುದಾಗಿ ಹೇಳಿದರು. ಮನೆಗೆ ನನ್ನನ್ನು ಯಾರೂ ಕಾರಿಗೆ ಹತ್ತಿಸಿಕೊಳ್ಳಲಿಲ್ಲ. ಟ್ರೇನು, ಆಮೇಲೆ ಬಸ್ಸು ಹಿಡಿದು ಹೋದೆ.

ಮರುದಿನ ಇಲಾಖೆಯ ಇನ್ಸ್‌ಪೆಕ್ಟರು ಅಂಗಳಕ್ಕೆ ಬರುವಷ್ಟರಲ್ಲಿ ಪಂಜರ ಖಾಲಿಯಾಗಿತ್ತು. ಆದರೆ ಶೆಡ್ಡಿನೊಳಗೆ ಕವರುಗಳ ಕಟ್ಟು, ಬಿಳಿ ಬಣ್ಣದ ಡಬ್ಬ ಎರಡೂ ಇದ್ದವು, ತೆಗೆಯಲು ಮರೆತಿದ್ದರು. ಪಂಪಿಗೆ ಸೀಲು ಬಿತ್ತು. ವಿಚಾರಣೆ ಮುಗಿಯುವತನಕ ನಾನೂ ಎಲ್ಲಿಯೂ ತುಂಬುವಂತಿಲ್ಲ ಎಂದರು. ಸರ್ಟಿಫಿಕೇಟು ಅವರ ವಶಕ್ಕೆ ಕೊಟ್ಟೆ. ಇನ್ಸ್‌ಪೆಕ್ಟರು ಮಧ್ಯವಯಸ್ಸಿನ ಹೆಂಗಸು. ಪಂಜರದ ಗಿರಾಕಿಗಳು ಯಾರು ಗೊತ್ತೇ, ಮನೆ ಗೊತ್ತೇ ಎಂದು ಕೇಳಿದರು. ನನಗೆ ಬಹಳಷ್ಟು ಮನೆ ಗೊತ್ತಿದ್ದವು. ಅರಿಶಿನ ಕುಂಕುಮಕ್ಕೆ, ಸತ್ಯನಾರಾಯಣ ಪೂಜೆಗೆ ಕರೆದಿದ್ದ ಮನೆಗಳು. ಒಂದೊಂದಾಗಿ ಹೇಳಿದೆ.

ಹಾಸನದ ಅಂಕಲ್ ಅವತ್ತೇ ಫೋನ್ ಮಾಡಿದ್ದರು. “ನನ್ನದನ್ನ ಹಿತ್ತಲ ತುದೀಲಿ ಇಟ್ಟಿದೀನಮ್ಮ. ನಿಲ್ಲಿಸಿದೀನಿ, ಮಲಗ್ಸಿಲ್ಲ” ಎಂದರು. ಆಮೇಲೆ, “ನಿನ್ನೆ ನಾನು ಮಾತಾಡ್ಬೇಕಿತ್ತು” ಎಂದು ಇಟ್ಟುಬಿಟ್ಟರು. ಸಂಘದ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದಿದ್ದರು. ಬೇರೆ ಯಾರೂ ಫೋನ್ ಮಾಡಲಿಲ್ಲ.

ಬೇಸ್‌ಮೆಂಟು ಬಿಡುವ ದಿನ ನಾನು ಸೂಟ್‌ಕೇಸು ಎಳೆದುಕೊಂಡು ಹೊರಗೆ ಬಂದಾಗ ಇಲಾಖೆಯ ಗಾಡಿ ಅಕ್ಕನ ಮನೆಯ ಮುಂದೆ ನಿಂತಿತ್ತು. ಗ್ಯಾರೇಜಿನ ಬಾಗಿಲು ಮೇಲಕ್ಕೆತ್ತಿತ್ತು. ಒಳಗೆ ಎಣ್ಣೆ ಬಾಣಲೆ, ಜಾಲರಿಯ ತುಂಬ ಕರಿದ ಚಕ್ಕುಲಿ. ಕೈಗವಸು ಹಾಕಿಕೊಂಡ ಒಬ್ಬ ನೌಕರ ಒಲೆಯಿಂದ ಸಿಲಿಂಡರು ಬಿಚ್ಚಿ ಅದರ ಕವರು ಸುಲಿಯುತ್ತಿದ್ದ. ಅಕ್ಕ ಹಿಟ್ಟಿನ ಕೈಯಲ್ಲೇ ಡ್ರೈವ್‌ವೇಗೆ ಬಂದರು. ಅವರ ಕಣ್ಣು ಕೆಂಪಾಗಿತ್ತು.

“ಜ್ವರ ಬಂದಾಗ ಗಂಜಿ ಹಾಕಿದ ಮನೆ ಇದು. ನನ್ನ ಮನೆ ಅಡ್ರೆಸ್ಸೂ ಕೊಟ್ಯೇನೇ ಅವರಿಗೆ?”

“ಹೌದ್ರೀ ಅಕ್ಕಾ” ಎಂದೆ. “ನಿಮ್ಮ ಮನೀನ ಮೊದಲ ಹೇಳೀನಿ.”